ಬೇವಿನ ಕಡ್ಡಿ ಮತ್ತು ಎಡಗಡೆಯ ಬಾಕ್ಸು

“ನಿನ್ ಕೈಲಿ ಇದಾಗಲ್ಲ, ಬಿಡಮ್ಮ” ಎಂದು ಮೊದಲು ಹೇಳಿದವರು ನಮ್ಮ ಯಜಮಾನರು. ಯಜಮಾನರು ಎಂದರೆ ಗಂಡನಲ್ಲ. ಚಳ್ಳಕೆರೆಯಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದವರು. ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನಾನು ಹನ್ನೊಂದು ವರ್ಷ ಟ್ರಾನ್ಸ್‌ಫಾರ್ಮರ್‌ಗಳಿಗೆ ತಾಮ್ರದ ತಂತಿ ಸುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಗಿರಾಕಿಗಳು ಬಿಟ್ಟುಹೋದ ಸೆಟ್ಟುಗಳ ಜೊತೆ ಬರುತ್ತಿದ್ದ ಪುಸ್ತಕಗಳನ್ನು, ಪೇಟೆಯಲ್ಲಿ ಶೇಂಗಾ ಕಟ್ಟಿಕೊಟ್ಟ ಕಾಗದಗಳನ್ನು, ಕೊನೆಗೆ ಒಂದು ಹರಕು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಕೈಪಿಡಿಗಳನ್ನೂ ಓದಿದೆ. ಕಲಿಸಿದವರು ಯಾರೂ ಇಲ್ಲ. ಬೇಡ ಅಂದವರು ಬೇಕಾದಷ್ಟು ಜನ.

ಒಂದು ದಿನ ಮುಂದಿನ ಕೋಣೆಯಲ್ಲಿ ಒಬ್ಬ ಗಿರಾಕಿಯ ಸ್ಟೀರಿಯೊ ಹಾಡುತ್ತಿತ್ತು. ಹಾಡುವವನ ದನಿ ಎರಡು ಬಾಕ್ಸುಗಳ ನಡುವೆ ನಿಲ್ಲದೆ, ಮನೆ ಸಿಗದ ನೆಂಟನ ಹಾಗೆ ಅಲೆಯುತ್ತಿತ್ತು. ಬೇಸ್ ಅನ್ನುವ ದಪ್ಪ ಸದ್ದೇ ಇರಲಿಲ್ಲ. ನಾನು ಒಳಗಿಂದಲೇ, “ಯಜಮಾನ್ರೇ, ಒಂದು ಬಾಕ್ಸಿಗೆ ಪ್ಲಸ್ಸು ಮೈನಸ್ಸು ಅದಲುಬದಲಾಗೈತೆ” ಅಂದೆ.

ಗಿರಾಕಿ ನಕ್ಕ. ಯಜಮಾನರಿಗೆ ನಗು ಬರಲಿಲ್ಲ. “ಹೆಣ್ಣಿಗೆ ದೇವ್ರು ಕಿವಿ ಕೊಟ್ಟಿರೋದು ಓಲೆ ಹಾಕ್ಕಣಾಕೆ, ಸೌಂಡ್ ಕೇಳಾಕಲ್ಲ. ನಿನ್ ಕೈಲಿ ಇದಾಗಲ್ಲ, ಬಿಡಮ್ಮ. ತಂತಿ ಸುತ್ತು” ಅಂದರು.

ಗಿರಾಕಿ ಟೀ ಕುಡಿಯಲು ಎದ್ದುಹೋದ ಮೇಲೆ ಅವರು ಸದ್ದಿಲ್ಲದೆ ಎರಡು ತಂತಿ ಬದಲಿಸಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಹಾಡು ಬಂದು ನಡುವೆ ಕೂತಿತು. ಯಜಮಾನರು ನನ್ನ ಕಡೆ ತಿರುಗಲಿಲ್ಲ.

ಮಾರನೇ ದಿನ ನಾನು ಕಿವಿಯ ಓಲೆ ಬಿಚ್ಚಿ ಮಾರಿದೆ. ಅವು ಅವ್ವನವು, ಮದುವೆಯಲ್ಲಿ ತನ್ನ ಕಿವಿಯಿಂದ ತೆಗೆದು ನನ್ನ ಕಿವಿಗೆ ಹಾಕಿದ್ದಳು. ಬಂದ ದುಡ್ಡಿಗೆ ಒಂದು ಮೀಟರು, ಬೆಸುಗೆ ಕಡ್ಡಿ, ಸ್ಕ್ರೂಡ್ರೈವರ್ ಸೆಟ್ಟು ತಗೊಂಡು, ಉಳಿದದ್ದನ್ನು ಸಣ್ಣದೊಂದು ಷಟರ್ ಅಂಗಡಿಗೆ ಅಡ್ವಾನ್ಸ್ ಕೊಟ್ಟೆ. ಆಮೇಲೆ ಯಜಮಾನರ ಮುಂದೆ ನಿಂತು ಹೇಳಿದೆ: “ನಿಮ್ಮನೆ ಸೌಂಡ್ ಸರಿ ಮಾಡಾಕೆ ಒಂದಿನ ನೀವೇ ನನ್ನ ಕರೀತೀರಿ. ಅಲ್ಲೀವರೆಗೂ ಈ ಕಿವಿಗೆ ಓಲೆ ಹಾಕಲ್ಲ.”

ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹಿತ್ತಲಿಗೆ ಹೋಗಿ ಬೇವಿನ ಮರದಿಂದ ಎರಡು ಕಡ್ಡಿ ಮುರಿದು ತಂದು, ನನ್ನ ಕಿವಿಯ ತೂತಿಗೆ ತಾನೇ ಸಿಕ್ಕಿಸಿದಳು. “ತೂತು ಮುಚ್ಕಂಡ್ರೆ ಏನು ಮಾಡ್ತೀಯಾ? ಹಟ ಮುಗಿದ್ಮೇಲೆ ಬೇಕಾಗತೈತೆ.”

ಹದಿನಾಲ್ಕು ವರ್ಷ ಆ ಕಡ್ಡಿ ಹಾಕಿಕೊಂಡೇ ಊರೂರು ತಿರುಗಿದೆ. ಜನ ಸೌಂಡ್ ಕೆಟ್ಟಿದೆ ಅಂತ ಕರೆಯುತ್ತಾರೆ. ಹೋಗಿ ನೋಡಿದರೆ ಬಹಳ ಸಲ ಸೆಟ್ಟು ಚೆನ್ನಾಗಿಯೇ ಇರುತ್ತದೆ. ಅದನ್ನು ಇಟ್ಟ ಜಾಗ ಕೆಟ್ಟಿರುತ್ತದೆ. ಜಾಗ ಅಂದರೆ ಮನೆ, ಮನೆ ಅಂದರೆ ಮನುಷ್ಯರು. ಹಾಗಾಗಿ ನನಗೆ ನಗಲು ಏನಾದರೂ ಸಿಗುತ್ತಲೇ ಇರುತ್ತದೆ.

೧. ಪಾಲಾದ ಹಾಡು

ಪರಶುರಾಂಪುರದ ಕಡೆಯ ಈರುಳ್ಳಿ ಬೆಳೆಗಾರರೊಬ್ಬರು ಫೋನ್ ಮಾಡಿದರು. “ಹಾಡು ಅರ್ಧ ಬರ್ತೈತೆ ಕಣಮ್ಮ.”

“ಅರ್ಧ ಅಂದ್ರೆ?”

“ಹಾಡೋರು ಬರ್ತಾರೆ, ತಬಲ ಬರಲ್ಲ.”

ಹೋದೆ. ಅಣ್ಣತಮ್ಮಂದಿರು ಪಾಲಾಗಿದ್ದರು. ಹಜಾರದ ನಟ್ಟನಡುವೆ ಗೋಡೆ ಎದ್ದಿತ್ತು. ಹೊಲ, ಎತ್ತು, ಪಾತ್ರೆ ಎಲ್ಲ ಹಂಚಿಕೊಂಡ ಮೇಲೆ ಅಪ್ಪನ ಕಾಲದ ಸ್ಟೀರಿಯೊ ಉಳಿದಿತ್ತಂತೆ. ಪಂಚಾಯಿತಿಗೆ ಕೂತವರು ನ್ಯಾಯವಾಗಿ ಅದನ್ನೂ ಹಂಚಿದ್ದರು: ಅಣ್ಣನಿಗೆ ಒಂದು ಬಾಕ್ಸು, ತಮ್ಮನಿಗೆ ಒಂದು ಬಾಕ್ಸು. ಆಂಪ್ಲಿಫೈಯರ್ ಅಣ್ಣನ ಮನೆಯಲ್ಲಿ. ಗೋಡೆಗೆ ತೂತು ಕೊರೆದು ತಮ್ಮನ ಮನೆಗೆ ತಂತಿ.

ಹಳೆಯ ಹಾಡುಗಳಲ್ಲಿ ಕೆಲವು ಹೇಗೆಂದರೆ, ಹಾಡುವವರ ದನಿ ಪೂರ್ತಿ ಒಂದು ಬಾಕ್ಸಿನಲ್ಲಿ, ವಾದ್ಯವೆಲ್ಲ ಇನ್ನೊಂದರಲ್ಲಿ. ಅಣ್ಣನ ಮನೆಯಲ್ಲಿ ಬರೀ ಗಾಯನ, ತಮ್ಮನ ಮನೆಯಲ್ಲಿ ಬರೀ ತಬಲ, ಪಿಟೀಲು. ತಮ್ಮ ಗೋಡೆಯ ಆ ಕಡೆಯಿಂದ ಕೂಗಿದ: “ನೋಡಕ್ಕ, ಪಾಲು ಮಾಡ್ದಾಗ್ಲೂ ಮಾತೆಲ್ಲ ಅವ್ನೇ ಆಡ್ದ. ಈಗ ಹಾಡಲ್ಲೂ ಮಾತೆಲ್ಲ ಅವ್ನೇ ಇಟ್ಕಂಡವ್ನೆ!”

ಮೊದಲು ನಮ್ಮ ಯಜಮಾನರನ್ನು ಕರೆಸಿದ್ದರಂತೆ. ಅವರು ತಂತಿ ಸಣ್ಣದಾಯಿತು ಅಂತ ದಪ್ಪ ತಂತಿ ಹಾಕಿಸಿ ಹೋಗಿದ್ದರು. ತಬಲ ಇನ್ನೂ ಜೋರಾಗಿ ತಮ್ಮನ ಮನೆಯಲ್ಲೇ ಬಾರಿಸುತ್ತಿತ್ತು.

“ಎರಡೂ ಬಾಕ್ಸು ಒಂದೇ ಕೋಣೇಲಿ ಇರಬೇಕು” ಅಂದೆ.

“ಯಾರ ಕೋಣೇಲಿ?” ಅಂತ ಇಬ್ಬರೂ ಒಟ್ಟಿಗೆ ಕೇಳಿದರು. ಪಾಲಾದ ಮೇಲೆ ಅವರು ಒಟ್ಟಿಗೆ ಆಡಿದ ಮೊದಲ ಮಾತು ಅದೇ ಇರಬೇಕು.

ಹಿಂದುಗಡೆ ಅವರ ಅವ್ವನ ಕೋಣೆ ಇತ್ತು. ಅದಕ್ಕೆ ಮಾತ್ರ ಎರಡೂ ಮನೆಯಿಂದ ಬಾಗಿಲು. ಅಲ್ಲಿ ಎರಡು ಸ್ಟೂಲ್ ಹಾಕಿ, ಗೋಡೆಯಿಂದ ಎರಡು ಮೊಳ ಈಚೆಗೆ ಬಾಕ್ಸುಗಳನ್ನಿಟ್ಟು, ಸ್ವಲ್ಪ ಒಳಮುಖ ತಿರುಗಿಸಿದೆ. ಎರಡು ಬಾಕ್ಸಿನ ನಡುವೆ ಎಷ್ಟು ದೂರವೋ, ಕೇಳುವವರಿಗೂ ಅಷ್ಟೇ ದೂರ. ಮೂರು ಕಲ್ಲಿನ ಒಲೆಯ ಲೆಕ್ಕ. ಮೂರನೇ ಕಲ್ಲಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, “ಇಲ್ಲಿ ಕೂತವರಿಗೆ ಹಾಡು ಪೂರ್ತಿ” ಅಂದೆ.

ಆ ಗುರುತಿನ ಮೇಲೆ ಒಬ್ಬರೇ ಕೂರಬಹುದು. ಜಗಳ ಮತ್ತೆ ಶುರುವಾಯಿತು. ದೊಡ್ಡವನು ನಾನು ಅಂತ ಅಣ್ಣ, ಇಷ್ಟು ದಿನ ತಬಲ ಕೇಳಿದವನು ನಾನು ಅಂತ ತಮ್ಮ. ಅಷ್ಟರಲ್ಲಿ ಅವರ ಅವ್ವ ಎಲೆಅಡಿಕೆ ಚೀಲ ಹಿಡಿದುಕೊಂಡು ಬಂದು ಗುರುತಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. “ಪಾಲಲ್ಲಿ ನಂಗೇನೂ ಬರ್ಲಿಲ್ಲ. ಇದು ನಂದು. ಹಾಕವ್ವ ಹಾಡು.”

ಅಣ್ಣ ಅವಳ ಎಡಕ್ಕೆ ಕೂತ, ತಮ್ಮ ಬಲಕ್ಕೆ ಕೂತ. ಇಬ್ಬರಿಗೂ ಮತ್ತೆ ಅರ್ಧರ್ಧ ಹಾಡೇ ಕೇಳಿಸುತ್ತಿದ್ದದ್ದು. ಇವತ್ತಿನವರೆಗೂ ಆ ದೂರು ಹೇಳಲು ಇಬ್ಬರಲ್ಲಿ ಒಬ್ಬರೂ ಫೋನ್ ಮಾಡಿಲ್ಲ.

೨. ಉಸಿರಾಡುವ ಹಾಡು

ಕೊಂಡ್ಲಹಳ್ಳಿಯ ಒಬ್ಬ ರಿಟೈರ್ಡ್ ಕಂಡಕ್ಟರ್ ಮನೆ. ಅಚ್ಚುಕಟ್ಟಿನ ಮನುಷ್ಯ. ಸ್ಪೀಕರಿನ ಮೇಲೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರ್, ಅದರ ಮೇಲೆ ಮಗಳು ಹೆಣೆದ ಉಲ್ಲನ್ ಬಟ್ಟೆ, ಅದರ ಮುಂದೆ ದೇವರ ಫೋಟೊ.

“ನಾಲ್ಕು ವರ್ಷ ಆತು, ಒಂದು ಚೂರು ಧೂಳು ಬಿದ್ದಿಲ್ಲ ನೋಡ್ರಿ. ಆದ್ರೂ ಸೌಂಡ್ ಮಂಕು.”

ಫೋಟೊಗೆ ಕೈಮುಗಿದು ಬೇರೆ ಕಡೆ ಇಟ್ಟೆ. ಬಟ್ಟೆ ತೆಗೆದೆ. ಪ್ಲಾಸ್ಟಿಕ್ಕಿಗೆ ಕೈ ಹಾಕಿದಾಗ ಅವರ ಮುಖ ಟಿಕೆಟ್ ಇಲ್ಲದೆ ಹತ್ತಿದವರನ್ನು ನೋಡಿದ ಹಾಗೆ ಆಯಿತು. ಹಾಡು ಹಾಕಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಬಂದೆ.

ಮಾರನೇ ಬೆಳಿಗ್ಗೆಯೇ ಫೋನ್. ದನಿಯಲ್ಲಿ ಗಾಬರಿ. “ಅಮ್ಮಾ, ಸೌಂಡ್ ಭಾಳ ಚೆನ್ನಾಗೈತೆ. ಆದ್ರೆ ಹಾಡೋ ಮನುಷ್ಯ ಪ್ರತಿ ಸಾಲಿಗೂ ಉಸಿರು ಎಳ್ಕಣ್ತಾನೆ. ಕವರ್ ಇದ್ದಾಗ ಆರೋಗ್ಯವಾಗಿದ್ದ.”

೩. ಮಹಡಿಯ ಮೇಲಿನ ಅತ್ತೆ

ಯಾವ ಮನೆಗೆ ಹೋದರೂ ನಾನು ಮೊದಲು ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟುತ್ತೇನೆ. ಸದ್ದು ಸತ್ತರೆ ಒಳ್ಳೆ ಕೋಣೆ. ‘ಟಣ್ ಟಣ್ ಟಣ್’ ಅಂತ ಗೋಡೆಯಿಂದ ಗೋಡೆಗೆ ಕುಣಿದರೆ ಅಲ್ಲಿ ಹಾಡು ಕೆಡುತ್ತದೆ.

ಚಳ್ಳಕೆರೆಯ ಒಬ್ಬ ಎಣ್ಣೆ ಗಿರಣಿ ಸಾಹುಕಾರರ ಹೊಸ ಮನೆಯಲ್ಲಿ ನಾನು ತಟ್ಟಿದ ಚಪ್ಪಾಳೆ ಮಹಡಿಗೆ ಹೋಗಿ ಬಂದಿತು. ಎರಡು ಅಂತಸ್ತಿನೆತ್ತರದ ಹಜಾರ. ನೆಲ ಕಲ್ಲು, ಗೋಡೆ ಕಲ್ಲು, ಕಿಟಕಿ ಪೂರ್ತಿ ಗಾಜು. ಅಂದ ಕೆಡಬಾರದು ಅಂತ ಸೊಸೆ ಒಂದು ಚಾಪೆಯನ್ನೂ ಹಾಸಿರಲಿಲ್ಲ. ನಮ್ಮ ಯಜಮಾನರು ಅಲ್ಲಿಗೂ ಮೊದಲೇ ಹೋಗಿದ್ದರು. ಪವರ್ ಸಾಲದು ಅಂತ ದೊಡ್ಡ ಆಂಪ್ಲಿಫೈಯರ್ ಕೊಡಿಸಿದ್ದರು. ಬಾವಿಗೆ ಹಾಕುವ ಕಲ್ಲು ದೊಡ್ಡದಾದರೆ ಸದ್ದು ದೊಡ್ಡದಾಗುತ್ತದೆಯೇ ಹೊರತು ನೀರು ತಿಳಿಯಾಗುವುದಿಲ್ಲ.

“ಇಲ್ಲಿ ಸದ್ದು ಕುಡಿಯೋದು ಏನೂ ಇಲ್ಲ. ನಾಲ್ಕು ಕಂಬಳಿ ತರಿಸ್ರಿ” ಅಂದೆ.

“ಕಂಬಳಿ?” ಸೊಸೆ ನನ್ನ ಕಿವಿಯ ಕಡ್ಡಿಯನ್ನೂ ನನ್ನನ್ನೂ ಒಟ್ಟಿಗೆ ನೋಡಿದಳು. “ಇಷ್ಟು ಖರ್ಚು ಮಾಡಿ ಕಲ್ಲು ಹಾಕ್ಸಿದ ಮನೆಗೆ ಕುರಿ ಕಂಬಳಿನಾ?”

ಸಾಹುಕಾರರು ಮೆತ್ತಗೆ ಹೇಳಿದರು: “ನಮ್ಮಜ್ಜ ಅದನ್ನೇ ಹೊದ್ಕಂಡು ಶೇಂಗಾ ಹೊಲ ಕಾದಿದ್ದಮ್ಮ. ಅದ್ರಿಂದ್ಲೇ ಈ ಕಲ್ಲು.”

ನಮ್ಮೂರಿನ ಕಪ್ಪು ಕಂಬಳಿಗಿಂತ ಒಳ್ಳೆಯ ಸರಕು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಮರದ ಚೌಕಟ್ಟಿಗೆ ಎರಡೆರಡು ಕಂಬಳಿ ಬಿಗಿದು, ಸೊಸೆಯ ಮನಸ್ಸಿಗೆ ನೋವಾಗದಿರಲಿ ಅಂತ ಅದರ ಮೇಲೆ ಅವಳದೇ ಹಳೆಯ ಮೊಳಕಾಲ್ಮೂರು ರೇಷ್ಮೆ ಸೀರೆ ಹೊದಿಸಿ, ಸೋಫಾದ ಹಿಂದಿನ ಗೋಡೆಗೊಂದು, ಪಕ್ಕದ ಗೋಡೆಗೊಂದು ನಿಲ್ಲಿಸಿದೆ. ನೋಡಿದವರಿಗೆ ಸೀರೆ, ಕೇಳಿದವರಿಗೆ ಕಂಬಳಿ. ಹಾಡು ಹಾಕಿದಾಗ ಸೊಸೆಯ ಕಣ್ಣರಳಿತು. “ಪಕ್ಕದಲ್ಲೇ ಕೂತು ಹಾಡ್ದಂಗೈತಲ್ಲ!”

ವಾರ ಕಳೆಯಿತು. ಮಹಡಿಯ ಮೇಲಿರುವ ಅತ್ತೆಯಿಂದ ಫೋನು. ದನಿ ತಗ್ಗಿಸಿ ಮಾತಾಡಿದರು. “ಆ ಕಂಬಳಿ ತೆಗೆಸ್ಬಿಡಮ್ಮ. ಮುಂಚೆ ಕೆಳಗೆ ಪಿಸುಗುಟ್ಟಿದ್ರೂ ನಂಗೆ ಮ್ಯಾಲಕ್ಕೆ ಚೊಕ್ಕ ಕೇಳ್ತಿತ್ತು. ಈಗ ಇವ್ಳು ನನ್ನ ಬಗ್ಗೆ ಏನಂತಾಳೆ ಅಂತ್ಲೇ ಗೊತ್ತಾಗ್ತಿಲ್ಲ.”

ಆ ಫೋನಿಟ್ಟ ಕೂಡಲೇ ಇನ್ನೊಂದು ಫೋನು ಬಂತು. ಸೊಸೆ. ಅವಳದೂ ತಗ್ಗಿದ ದನಿ. “ಅಕ್ಕಾ, ಇನ್ನೂ ನಾಲ್ಕು ಕಂಬಳಿ ಬೇಕಾಗಿತ್ತು. ಮೆಟ್ಟಿಲ ಹತ್ರಕ್ಕೆ.”

೪. ಗುಣಿಯಲ್ಲಿ ಕೂತ ಕಿವಿ

ಮೊಳಕಾಲ್ಮೂರಿನ ಒಬ್ಬ ನೇಕಾರರು. ಮನೆಯೊಳಗೇ ಗುಣಿಮಗ್ಗ. ನೆಲದಲ್ಲಿ ಗುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಮಗ್ಗದ ಲಟಲಟ ಸದ್ದಿಗೆ ಹಾಡು ಕೇಳುವುದಿಲ್ಲ ಅಂತ ಅವರ ದೂರು. ಆ ಮನೆಯಲ್ಲಿ ಅರ್ಧ ಮಾತು ತೆಲುಗು, ಅರ್ಧ ಕನ್ನಡ.

“ಏಮ್ಮಾ, ನಿಮ್ಮ ಹಳೇ ಯಜಮಾನ್ರು ಬಂದು ಬಾಕ್ಸು ಇನ್ನೂ ಮ್ಯಾಲೆ ಏರ್ಸಿ ಹೋದ್ರು. ಪಾಟ ಚಾವಣಿಗೆ ಕೇಳ್ತೈತೆ, ನಂಗೆ ಹಾಡೇ ಕೇಳಲ್ಲ.”

ಬಾಕ್ಸುಗಳು ಅಟ್ಟದ ಮೇಲಿದ್ದವು. ನಾನು ಗುಣಿಯ ಪಕ್ಕ ನೆಲದ ಮೇಲೆ ಮಲಗಿದೆ. ಅವರ ಹೆಂಡತಿ ನನಗೆ ತಲೆಸುತ್ತು ಬಂತು ಅಂತ ನೀರು ತಂದಳು.

“ತಲೆ ಸುತ್ತಿಲ್ಲಮ್ಮ. ನಿಮ್ಮೆಜಮಾನ್ರ ಕಿವಿ ಎಲ್ಲೈತೆ ಅಂತ ನೋಡ್ತಿದೀನಿ.”

ಗುಣಿಯಲ್ಲಿ ಕೂತವರ ಕಿವಿ ನೆಲದಿಂದ ಮೊಳದೆತ್ತರಕ್ಕೆ ಇರುತ್ತದೆ. ಕಿವಿ ಎಲ್ಲಿದೆಯೋ ಅಲ್ಲಿಗೆ ಬಾಕ್ಸು ಇಳಿಯಬೇಕು. ಅಟ್ಟದಿಂದ ಇಳಿಸಿ, ಎರಡೆರಡು ಇಟ್ಟಿಗೆಯ ಮೇಲೆ ಮಗ್ಗದ ಆಚೀಚೆ ಕೂರಿಸಿದೆ. ಇಟ್ಟಿಗೆಯ ಕೆಳಗೆ ಹಳೇ ಟ್ಯೂಬಿನ ರಬ್ಬರ್ ಹಾಕಿದೆ, ಮಗ್ಗದ ನಡುಕ ಬಾಕ್ಸಿಗೆ ಹತ್ತದಿರಲಿ ಅಂತ. ನೇಕಾರರು ಲಾಳಿ ಓಡಿಸಿದರು. ಹಾಡು ಕೇಳಿತು. ಅವರು ನಕ್ಕ ನಗು ನನಗೆ ಇವತ್ತಿಗೂ ನೆನಪಿದೆ.

“ಮಾಡಿದ್ದು ಯಾರು ಅಂತ ಯಜಮಾನ್ರಿಗೆ ಹೇಳ್ರಿ” ಅಂದೆ. ಈ ಮಾತನ್ನು ನಾನು ಎಲ್ಲ ಮನೆಯಲ್ಲೂ ಹೇಳಿ ಬರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ. ಯಜಮಾನರಿಂದ ಬರುತ್ತಿದ್ದ ಉತ್ತರವೂ ಒಂದೇ: “ಕುರುಡು ಕೋಳಿಗೂ ಒಂದು ಕಾಳು ಸಿಗತೈತೆ.”

ಎರಡು ತಿಂಗಳ ಮೇಲೆ ಅದೇ ಮನೆಗೆ ಸೀರೆ ನೋಡಲು ಹೋದೆ. ಹಾಡು ಓಡುತ್ತಿತ್ತು, ಆದರೆ ಹಾಡು ಹಾಕುವ ಫೋನು ನೇಕಾರರ ಹತ್ತಿರ ಇರಲಿಲ್ಲ, ಹೆಂಡತಿಯ ಸೆರಗಿನಲ್ಲಿತ್ತು. ಕೇಳಿದ್ದಕ್ಕೆ ಅವಳು ಗುಟ್ಟು ಬಿಟ್ಟಳು: “ಹಾಡು ಹೆಂಗೋ ಕೈ ಹಂಗೆ ಅಕ್ಕ. ದುಃಖದ ಹಾಡು ಹಾಕಿದ್ರೆ ದಿನಕ್ಕೆ ಗೇಣು ಬಟ್ಟೆ ನೇಯಲ್ಲ. ಮದುವೆ ಆರ್ಡರ್ ಮುಗಿಯೋವರೆಗೂ ಈ ಮನೇಲಿ ಯಾರೂ ಅಳಂಗಿಲ್ಲ.”

ಗುಣಿಯಿಂದ ನೇಕಾರರು ನನ್ನ ಕಡೆ ನೋಡಿ, ಕೈ ನಿಲ್ಲಿಸದೆ ಹೇಳಿದರು: “ಬಾಕ್ಸು ತಿರ್ಗ ಅಟ್ಟಕ್ಕೆ ಏರ್ಸಮ್ಮ, ಪುಣ್ಯ ಬರ್ತೈತೆ.”

೫. ಕಡ್ಡಿಯ ಗುಟ್ಟು

ದೇವಸಮುದ್ರದಲ್ಲಿ ಟ್ರ್ಯಾಕ್ಟರುಗಳಿಗೆ ಸ್ಪೀಕರ್ ಕೂರಿಸುವವನೊಬ್ಬ ಇದ್ದಾನೆ. ನಲವತ್ತು ದಾಟಿದವನು, ಕೆಲಸದಲ್ಲಿ ಶ್ರದ್ಧೆ ಇರುವವನು. ಒಂದು ದಿನ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ. ಟೀ ಕುಡಿದ. ನನ್ನ ಕಿವಿಯನ್ನೇ ನೋಡುತ್ತಿದ್ದ. ಕೊನೆಗೆ ಎದ್ದು ಹತ್ತಿರ ಬಂದು ಕೇಳಿದ: “ಅಕ್ಕಾ, ಬೇಜಾರಾಗ್ಬ್ಯಾಡ. ಅದು ಬೇವೇನಾ, ಹೊಂಗೇನಾ?”

“ಬೇವು. ಯಾಕಪ್ಪ?”

“ಹಸೀದೋ, ಒಣಗಿದ್ದೋ?”

ವಿಷಯ ಏನೆಂದರೆ, ನಾನು ಕೋಣೆಗೆ ಹೋಗಿ ಚಪ್ಪಾಳೆ ತಟ್ಟಿ ದೋಷ ಹೇಳುವುದು ಆ ಕಡ್ಡಿಯಿಂದಲೇ ಅಂತ ಜನ ನಂಬಿದ್ದರು. ರೇಡಿಯೊಗೆ ಏರಿಯಲ್ ಇದ್ದ ಹಾಗೆ. ನಾನು ಓಲೆ ಮಾರಿದ್ದು, ತೂತು ಮುಚ್ಚದಿರಲಿ ಅಂತ ಅವ್ವ ಕಡ್ಡಿ ಇಟ್ಟದ್ದು ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿ, ತಲೆದೂಗಿ, “ಸರಿ ಬಿಡಕ್ಕ. ಕಷ್ಟಪಟ್ಟು ಕಲ್ತಿದ್ದು, ಯಾರು ಬಿಟ್ಕೊಡ್ತಾರೆ” ಅಂತ ಎದ್ದುಹೋದ.

ಮುಂದಿನ ತಿಂಗಳು ದೇವಸಮುದ್ರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಟ್ರ್ಯಾಕ್ಟರಿನ ಮೇಲೆ ಅವನು ನಿಂತಿದ್ದ. ಹೊಸದಾಗಿ ಚುಚ್ಚಿಸಿದ ಎರಡೂ ಕಿವಿ ಊದಿ ಕೆಂಪಾಗಿದ್ದವು. ಎರಡರಲ್ಲೂ ಬೇವಿನ ಕಡ್ಡಿ. “ಅಕ್ಕಾ! ಈಗ ಎಂಜಿನ್ ಚಾಲೂ ಇದ್ರೂ ಚೊಕ್ಕ ಕೇಳ್ತೈತೆ!” ಅಂತ ಕೂಗಿದ. ಅಷ್ಟು ಖುಷಿಯಲ್ಲಿದ್ದವನಿಗೆ ಏನು ಹೇಳುವುದು? “ಅರಿಶಿನ ಹಚ್ಚಪ್ಪ” ಅಂದೆ.

ಅವನು ಹೇಳಿದ್ದು ಹತ್ತು ಊರಿಗೆ ಹಬ್ಬಿತು. ನಮ್ಮ ಹಿತ್ತಲ ಬೇವಿನ ಮರದ ಕಡ್ಡಿಯೇ ಆಗಬೇಕು ಅಂತ ಜನ ಬರತೊಡಗಿದರು. ಕೈಗೆ ಸಿಗುವ ಕೊಂಬೆಯೆಲ್ಲ ಬೋಳಾದ ಮೇಲೆ ಅವ್ವ ಮರದ ಬುಡದಲ್ಲಿ ಕೋಲು ಹಿಡಿದು ಕೂತಳು. “ಆ ಯಜಮಾನಪ್ಪ ಬೇಗ ಕರೀಲಿ ಅಂತ ನಾನೇ ಹರಕೆ ಹೊತ್ಕಣ್ತೀನಿ. ನಿನ್ನ ಹಟ ಇನ್ನೊಂದು ವರ್ಷ ನಡೆದ್ರೆ ಮರ ಉಳಿಯಲ್ಲ.”

೬. ಎಡಗಡೆಯ ಬಾಕ್ಸು

ಕರೆ ಬಂತು. ಆದರೆ ನೆಟ್ಟಗೆ ಬರಲಿಲ್ಲ.

ಮೊದಲು ಒಂದು ಆಂಪ್ಲಿಫೈಯರ್ ಬಂತು. ತಂದ ಆಟೊದವನು, “ಯಜಮಾನ್ರ ನೆಂಟರ ಮನೇದಂತೆ. ಎಡಗಡೆ ಬಾಕ್ಸಿಗೆ ಸೌಂಡ್ ಬರಲ್ವಂತೆ” ಅಂದ. ಮುಚ್ಚಳ ಬಿಚ್ಚಿದೆ. ಒಳಗೆ ಟ್ರಾನ್ಸ್‌ಫಾರ್ಮರಿನ ಕೊನೆಯ ಸುತ್ತಿಗೆ ಹಾಕಿದ ಗಂಟು ಕಂಡಿತು. ಅವ್ವ ಕೌದಿ ಹೊಲಿಯುವಾಗ ಹಾಕುವ ಗಂಟು ಅದು. ಪ್ರಪಂಚದಲ್ಲಿ ಟ್ರಾನ್ಸ್‌ಫಾರ್ಮರಿಗೆ ಆ ಗಂಟು ಹಾಕುವವಳು ನಾನೊಬ್ಬಳೇ. ನಾನೇ ತಂತಿ ಸುತ್ತಿದ್ದ, ಯಜಮಾನರು ತಮ್ಮ ಮನೆಗೆ ಅಂತ ಕಟ್ಟಿಸಿಕೊಂಡಿದ್ದ ಸೆಟ್ಟು.

ಎರಡೂ ಕಡೆ ಸದ್ದು ಸಮನಾಗಿತ್ತು. “ಸೆಟ್ ಚೆನ್ನಾಗೈತೆ” ಅಂತ ಚೀಟಿ ಬರೆದು ವಾಪಸ್ ಕಳಿಸಿದೆ. ವಾರಕ್ಕೆ ಮತ್ತೆ ಬಂತು. ಮತ್ತೆ ಕಳಿಸಿದೆ. ಮೂರನೇ ಸಲ ಚೀಟಿಯಲ್ಲಿ ಬರೆದೆ: “ಸೆಟ್ ಚೆನ್ನಾಗೈತೆ. ಕೋಣೆ ನೋಡಬೇಕು. ನೆಂಟರು ತಾವೇ ಫೋನ್ ಮಾಡಲಿ.”

ನಾಲ್ಕು ದಿನ ಫೋನಿಲ್ಲ. ಐದನೇ ದಿನ ಒಂದು ಫೋನು. ಎತ್ತಿದೆ. ಕೆಮ್ಮು.

“ಯಾರು?”

“ನೆಂಟ.”

“ಯಾವ ನೆಂಟ?”

ಮತ್ತೆ ಕೆಮ್ಮು. “ನಾನೇ ಕಣಮ್ಮ. ಬಾ.”

ನಾನು ಫೋನಿಟ್ಟು ಅಂಗಡಿಯ ಷಟರ್ ಎಳೆದು, ಒಳಗೆ ಕೂತು ಸ್ವಲ್ಪ ಹೊತ್ತು ಅತ್ತೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಇರಲಿ.

ಯಜಮಾನರು ಮುದುಕರಾಗಿದ್ದರು. ಮುಖ ಕೊಟ್ಟು ಮಾತಾಡಲಿಲ್ಲ. “ವರ್ಷದಿಂದ ಹಿಂಗೈತೆ. ಎಡಗಡೆ ಸ್ಪೀಕರು ಮೂರು ಸಲ ಬದಲ್ಸಿದೀನಿ, ತಂತಿ ಬದಲ್ಸಿದೀನಿ, ಬಾಕ್ಸೇ ಬದಲ್ಸಿದೀನಿ. ಎಡಗಡೆ ಸತ್ತೈತೆ” ಅಂದರು. ಅವರ ಹೆಂಡತಿ ಕಾಫಿ ತಂದು ಅವರ ಎಡಗಡೆಗೆ ನಿಂತು, “ತಗಳ್ರಿ” ಅಂದರು. ಯಜಮಾನರು ಅಲುಗಲಿಲ್ಲ. ನನಗೆ ಆಗಲೇ ಅನುಮಾನ ಬಂತು.

ಚಪ್ಪಾಳೆ ತಟ್ಟಿದೆ. ಒಳ್ಳೆ ಕೋಣೆ. ಹಾಡು ಹಾಕಿದೆ. ಎರಡೂ ಬಾಕ್ಸು ಚಿನ್ನದಂಥವು. ಕುರ್ಚಿ ಸರಿಯಾದ ಜಾಗದಲ್ಲಿತ್ತು. ಕದ್ದುಮುಚ್ಚಿ ನನ್ನ ಲೆಕ್ಕವನ್ನೇ ಹಾಕಿದ್ದರು. ನಾನು ಆ ಕುರ್ಚಿಯನ್ನು ಹಿಡಿದು, ಬಾಕ್ಸುಗಳಿಗೆ ಬೆನ್ನು ಬರುವ ಹಾಗೆ ಪೂರ್ತಿ ತಿರುಗಿಸಿ, “ಕುಂತ್ಕಳ್ರಿ” ಅಂದೆ.

“ಬೆನ್ನು ಹಾಕಿ ಕೇಳೋದಾ?”

“ಕುಂತ್ಕಳ್ರಿ ಯಜಮಾನ್ರೇ.”

ಕೂತರು. ಒಂದು ನಿಮಿಷಕ್ಕೆ ದಡಕ್ಕನೆ ಎದ್ದರು. “ಏನು ಮಾಡ್ದೆ? ಈಗ ಬಲಗಡೆ ಬಾಕ್ಸೂ ಕೆಡಿಸ್ದಲ್ಲ! ಎಡಗಡೇದು ಸರಿಯಾತು, ಬಲಗಡೇದು ಹೋತು!”

ಬಾಕ್ಸುಗಳು ಅವೇ, ತಿರುಗಿದ್ದು ಅವರ ಕಿವಿ ಮಾತ್ರ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಗೆ ಹೊಳೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಅಯ್ಯೋ ನನ್ನಪ್ಪ! ಊಟದಾಗೆ ನಾನು ಕೂರೋದೇ ಇವ್ರ ಎಡಗಡೆ. ವರ್ಷದಿಂದ ನಾನು ಏನಂದ್ರೂ ಎದುರು ಮಾತಾಡ್ತಿಲ್ಲ. ವಯಸ್ಸಾತು, ಸಮಾಧಾನ ಬಂತು ಅಂದ್ಕಂಡು ದೇವ್ರಿಗೆ ಕಾಯಿ ಒಡೆಸಿದೀನಿ ಕಣಮ್ಮ!”

ಮೂವರೂ ಆಟೊ ಹತ್ತಿ ಕಿವಿ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಎಡಗಿವಿಗೆ ಬೆಳಕು ಬಿಟ್ಟು ನೋಡಿದರು. ಹುಬ್ಬೇರಿಸಿದರು. ಚಿಮುಟ ಹಾಕಿ ಮೆಲ್ಲಗೆ ಎಳೆದರು. ಗುಗ್ಗೆಯ ಮುದ್ದೆಯೊಳಗೆ ಉಗುರಿನಷ್ಟುದ್ದದ ಏನೋ ಒಂದು ಬಂತು. ತೊಳೆದು ತಟ್ಟೆಯಲ್ಲಿಟ್ಟು ಕೇಳಿದರು: “ಇದೇನ್ರೀ ಇದು, ಕಡ್ಡಿ?”

ನಾನು ಬಗ್ಗಿ ನೋಡಿದೆ. ಬೇವು. ಹದಿನಾಲ್ಕು ವರ್ಷ ಹಾಕಿಕೊಂಡವಳಿಗೆ ಗುರುತು ಸಿಗದೆ ಇರುತ್ತದೆಯೇ?

ಯಜಮಾನರು ಗೋಡೆ ನೋಡಿದರು. ಹೆಂಡತಿ ಅವರನ್ನು ನೋಡಿದರು. ನಾನು ನನ್ನ ಕಿವಿ ಮುಟ್ಟಿಕೊಂಡೆ.

“ಆ ಟ್ರ್ಯಾಕ್ಟರಿನವನು ಹೇಳ್ದ” ಅಂದರು ಯಜಮಾನರು, ಕೊನೆಗೆ. “ನೀನು ಮುಟ್ಟಿದ್ದೆಲ್ಲ ಸರಿಯಾಗ್ತಿತ್ತು. ನಂಗೂ ನೋಡಾನ ಅನ್ನಿಸ್ತು. ಇಟ್ಕಂಡೆ. ತೆಗಿಯಾಕೋದ್ರೆ ಮುರ್ಕಂತು. ಯಾರಿಗೆ ಹೇಳ್ಲಿ?”

“ಅಲ್ರೀ ಯಜಮಾನ್ರೇ, ಅದು ಇಡೋದು ಓಲೆ ತೂತಿಗೆ!”

“ನಂಗೆ ಓಲೆ ತೂತೆಲ್ಲೈತೆ ಕಣಮ್ಮ?” ಅವರು ಮೊದಲ ಸಲ ನನ್ನ ಮುಖ ನೋಡಿದರು. “ಇದ್ದ ತೂತಿಗೆ ಇಟ್ಟೆ.”

ಡಾಕ್ಟರು ನಗು ತಡೆಯಲಾಗದೆ ಹೊರಗೆ ಹೋದರು. ಬರುವಾಗ ಆಟೊದಲ್ಲಿ ಹೆಂಡತಿ ಅವರ ಎಡಗಡೆಗೇ ಕೂತು, ವರ್ಷದಲ್ಲಿ ಹೇಳಿದ್ದನ್ನೆಲ್ಲ ಮೊದಲಿಂದ ಹೇಳಲು ಶುರು ಮಾಡಿದರು. ಯಜಮಾನರು ನನ್ನ ಕಡೆ ವಾಲಿ, “ಆ ಕಡ್ಡಿ ಬಿಸಾಕಿದ್ರಾ?” ಅಂತ ಕೇಳಿದರು.

ಮನೆಗೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಹಾಡು ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, “ನಡುವೆ ನಿಂತೈತೆ” ಅಂದರು. ಕಣ್ಣು ಬಿಟ್ಟು, “ಅವತ್ತು ಪ್ಲಸ್ಸು ಮೈನಸ್ಸೇ ಅದಲುಬದಲಾಗಿತ್ತು” ಅಂದರು. ನಾನು, “ಗೊತ್ತು, ನೋಡಿದ್ದೆ” ಅಂದೆ.

ಆ ಶನಿವಾರವೇ ಚಿನ್ನದಂಗಡಿಗೆ ಹೋಗಿ ಓಲೆ ತಗೊಂಡೆ. ಅವ್ವ ಕಡ್ಡಿ ಬಿಡಿಸಿ, ತಾನೇ ಹಾಕಿದಳು. ಬೆಳಕಿಗೆ ಹಿಡಿದು ನೋಡಿ, “ಇವು ನನ್ನವಲ್ಲ” ಅಂದಳು.

“ಹೌದವ್ವ. ಇವು ನನ್ನವು.”

ಈಗ ನನ್ನದು ಅಂತ ಇರುವುದು ಇಷ್ಟು: ಸ್ವಂತದ್ದೇ ಆದ ಒಂದು ಷಟರಿನ ಅಂಗಡಿ, ಒಂದು ಸ್ಕೂಟರು, ಹನ್ನೆರಡು ಕಪ್ಪು ಕಂಬಳಿ, ಎರಡು ಕಪಾಟು ಪುಸ್ತಕ, ಕೆಳಗಿನ ಕೊಂಬೆಗಳಿಲ್ಲದ ಒಂದು ಬೇವಿನ ಮರ, ಎರಡು ಒಳ್ಳೆ ಕಿವಿ, ಅವಕ್ಕೆ ಒಂದು ಜೊತೆ ಓಲೆ. ಇಷ್ಟಕ್ಕೂ ಬಿದ್ದ ಬೆಲೆ ಅವ್ವನ ಒಂದು ಜೊತೆ ಓಲೆ. ಅವು ಮಾತ್ರ ಯಾವ ಅಂಗಡಿಯಲ್ಲಿ ಹುಡುಕಿದರೂ ಮತ್ತೆ ಸಿಗಲಿಲ್ಲ.